ಹಳೆಯದು ಮೊದಲು, ಹೊಸದು ಆಮೇಲೆ

ಮೇ 13, ಮಂಗಳವಾರ

ಜನವರಿಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ಪ್ರಿಂಟರು ಅಲ್ಲಾಡದಿರಲಿ ಎಂದು ಇಷ್ಟು ದಿನ ಅದರ ಒಂದು ಕಾಲಿನ ಕೆಳಗೆ ಇಟ್ಟಿದ್ದೆ. ಇವತ್ತು ಎಳೆದು ತೆಗೆದೆ. ಹೆಂಡತಿಗೂ ಹೇಳಲಾಗದ್ದನ್ನು ಎಲ್ಲಾದರೂ ಒಂದು ಕಡೆ ಇಳಿಸಬೇಕಲ್ಲ.

ಮೊನ್ನೆ ಭಾನುವಾರ ಆನವಟ್ಟಿಯ ಕರಿಯಣ್ಣನ ಕಂಪ್ಯೂಟರ್ ಶಿರಾಳಕೊಪ್ಪದ ನನ್ನ ಕಂಪ್ಯೂಟರ್ ಅಂಗಡಿಗೆ ಬಂದಿತ್ತು. ಕರಿಯಣ್ಣ ಬೋರ್ಡ್ ಬರೆಯುತ್ತಿದ್ದವನು. ಏಳೆಂಟು ವರ್ಷದಿಂದ ಕೈ ನಡುಗುತ್ತದೆ, ಬರೆಯುವುದು ಬಿಟ್ಟಿದ್ದಾನೆ. ಈಗ ಗಾಡಿಗಳಿಗೆ ರೇಡಿಯಂ ಸ್ಟಿಕರ್ ಕತ್ತರಿಸಿಕೊಡುವ ಯಂತ್ರ ಇಟ್ಟುಕೊಂಡಿದ್ದಾನೆ, ಮಗಳು ಅದನ್ನು ನಡೆಸುತ್ತಾಳೆ. ಕೈ ಪೂರ್ತಿ ಸೋಲುವ ಮುಂಚೆ ಎರಡು ವರ್ಷ ಕೂತು ತನ್ನ ಅಕ್ಷರಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದ. ಕಾಗುಣಿತ, ಒತ್ತಕ್ಷರ ಸೇರಿ ನಾನೂರಕ್ಕೂ ಹೆಚ್ಚು. ಸೊರಬ, ಶಿಕಾರಿಪುರದ ಕಡೆ ಟ್ರ್ಯಾಕ್ಟರುಗಳ ಮೇಲೆ ಕಾಣುವ ಹೆಸರುಗಳಲ್ಲಿ ಅರ್ಧಕ್ಕರ್ಧ ಅವನ ಅಕ್ಷರಗಳೇ.

ಆ ಯಂತ್ರ ಹಳೆಯ ವಿಂಡೋಸ್ ಬಿಟ್ಟು ಬೇರೆಯದರ ಮಾತು ಕೇಳುವುದಿಲ್ಲ. ಅದಕ್ಕೆಂದು ಇದ್ದ ಹಳೇ ಕಂಪ್ಯೂಟರ್ ಕಳೆದ ತಿಂಗಳು ಸುಟ್ಟುಹೋಯಿತು. ಉಳಿದದ್ದು ಹೊಸದು. ಅದರಲ್ಲಿರುವುದು ಹೊಸ ವಿಂಡೋಸ್, ಅಕ್ಷರಗಳಿದ್ದದ್ದೂ ಅದರಲ್ಲೇ. ಹೊಸದರ ಪಕ್ಕದಲ್ಲಿ ಹಳೆಯದಕ್ಕೂ ಒಂದು ಕೋಣೆ ಮಾಡಿಕೊಡಬೇಕು, ಆನ್ ಮಾಡಿದ ಕೂಡಲೇ ಯಾವುದು ಬೇಕೆಂದು ಅದು ಕೇಳಬೇಕು. ಕೆಲಸ ಇಷ್ಟೇ.

ಇದನ್ನು ನಾನು ನೂರು ಸಲ ಮಾಡಿದ್ದೇನೆ. ಹಳೆಯದು ಮೊದಲು, ಹೊಸದು ಆಮೇಲೆ. ಹೊಸದು ಹಳೆಯದನ್ನು ಗುರುತು ಹಿಡಿಯುತ್ತದೆ, ಹಳೆಯದಕ್ಕೆ ಹೊಸದರ ಗುರುತು ಹತ್ತುವುದಿಲ್ಲ. ಹೊಸದು ಮೊದಲೇ ಕೂತಿದ್ದರೆ ಒಳಗಿರುವುದನ್ನೆಲ್ಲ ಬೇರೆ ಕಡೆ ನಕಲು ತೆಗೆದುಕೊಂಡೇ ಕೈ ಹಾಕಬೇಕು. ಕ್ಲಾಸ್ ನಡೆಸುತ್ತಿದ್ದಾಗ ನಾನೇ ಬಾಯಿಪಾಠ ಮಾಡಿಸುತ್ತಿದ್ದೆ. ಭಾನುವಾರ ನಕಲು ತೆಗೆಯಲಿಲ್ಲ. ಪಹಣಿಗೆ ನಾಲ್ಕು ಜನ ನಿಂತಿದ್ದರು, ಫೋನು ಕಿವಿಯಲ್ಲಿತ್ತು. ಹಳೆಯ ವಿಂಡೋಸ್ ಡಿಸ್ಕಿನ ಭಾಗಗಳನ್ನು ಹೆಸರಿಲ್ಲದೆ ಬರೀ ನಂಬರಿನಲ್ಲಿ ತೋರಿಸುತ್ತದೆ. ಎರಡನೆಯದನ್ನು ಅಳಿಸಬೇಕಿತ್ತು, ಅಕ್ಷರಗಳಿದ್ದ ಮೂರನೆಯದನ್ನು ಅಳಿಸಿದೆ. ಅಳಿಸಲೇ ಎಂದು ಅದು ಕೇಳಿತು ಕೂಡ. ಓದದೆ ಹೂಂ ಅಂದೆ. ಅದರ ಮೇಲೇ ಹಳೆಯ ವಿಂಡೋಸ್ ಇಳಿಸಿಬಿಟ್ಟೆ. ಅಳಿದದ್ದನ್ನು ಹುಡುಕುವ ಉಪಾಯಗಳನ್ನೆಲ್ಲ ಎರಡು ದಿನ ಮಾಡಿದೆ. ಸಿಕ್ಕಿದ್ದು ತೆರೆಯಲು ಬಾರದ ಚೂರುಗಳು.

ಇವತ್ತು ಮಧ್ಯಾಹ್ನ ಅಪ್ಪ ಮಗಳು ಬಂದರು.

"ಏನಾತ್ರೀ ಚನ್ನೇಶಣ್ಣ, ಮಿಷನ್ ಮಾತಾಡ್ತಾ?" ಅಂದ ಕರಿಯಣ್ಣ.

"ಮಿಷನ್ ಓಡ್ತೈತಿ. ಆದ್ರೆ ಡಿಸ್ಕ್ ಮೊದ್ಲೇ ಪೆಟ್ಟು ತಿಂದಿತ್ತು. ಅಕ್ಷರ ಉಳಿದಿಲ್ಲ ಕರಿಯಣ್ಣ. ನಡೀವಾಗ್ಲೇ ಯಾರಾದ್ರೂ ಪ್ಲಗ್ ಕಿತ್ತಿದ್ರಾ?"

ಎಲ್ಲಿಂದ ಬಂತು ಆ ಮಾತು? ನಾನು ಅದನ್ನು ಮೊದಲೇ ಯೋಚಿಸಿಟ್ಟಿರಲಿಲ್ಲ. ಮಗಳು ಅಪ್ಪನ ಕಡೆ ತಿರುಗಿದಳು.

"ಶನಿವಾರ ಗುಡುಗು ಬಂದಾಗ ನಾನೇ ಕಿತ್ತೆ ಅಪ್ಪ. ಆಫ್ ಮಾಡಾಕೂ ನಿಲ್ಲಲಿಲ್ಲ, ಓಡಿ ಬಂದು ಕಿತ್ತೆ."

ಗುಡುಗು ಬಂದರೆ ಟಿವಿ, ಫ್ರಿಜ್ಜು, ಮೋಟರು ಎಲ್ಲದರ ಪ್ಲಗ್ ಕೀಳುವುದು ಈ ಕಡೆ ಎಲ್ಲರ ಮನೆಯ ಅಭ್ಯಾಸ. ಸಿಡಿಲಿಗೆ ಸುಡುವುದಕ್ಕಿಂತ ಅದೇ ವಾಸಿ. ಅವಳು ಕಿತ್ತ ಮೇಲೂ ಆ ಕಂಪ್ಯೂಟರ್ ಸರಿಯಾಗಿಯೇ ಇತ್ತು, ಭಾನುವಾರ ನಾನೇ ಆನ್ ಮಾಡಿ ನೋಡಿದ್ದೆ. ಅದನ್ನು ಹೇಳಬಹುದಿತ್ತು. "ಹಂಗಾದ್ರೆ ಅದೇ ಇರ್ಬೇಕು" ಅಂದೆ.

"ನಿಮ್ಮತ್ರ ಒಂದು ಕಾಪಿ ಇಟ್ಕೊಂತೀನಿ ಅಂದಿದ್ರಿ, ಎರಡು ವರ್ಷದ ಹಿಂದೆ?" ಅಂದ ಕರಿಯಣ್ಣ.

"ಆ ಡಿಸ್ಕೂ ಕೆಟ್ಟೋತು."

ಆ ಕಾಪಿ ನಾನು ಯಾವತ್ತೂ ತೆಗೆದೇ ಇರಲಿಲ್ಲ. ಕರಿಯಣ್ಣ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಎದ್ದ. ಕಂಪ್ಯೂಟರ್ ಪೆಟ್ಟಿಗೆಯನ್ನು ಅವಳೇ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಮೇ 14, ಬುಧವಾರ

ಒಂದು ಲೆಕ್ಕದಲ್ಲಿ ನೋಡಿದರೆ ಕಾಪಿ ಇಟ್ಟುಕೊಳ್ಳುವುದು ಅವರ ಜವಾಬ್ದಾರಿ. ಎರಡು ವರ್ಷದ ಕೆಲಸ ಅಂದ ಮೇಲೆ ಒಂದು ಪೆನ್ ಡ್ರೈವಿಗೆ ಹಾಕಿಡುವಷ್ಟಾದರೂ ಬುದ್ಧಿ ಬೇಡವೇ? ನಾಲ್ಕು ದಿನ ಹೋದರೆ ಎಲ್ಲ ಸರಿಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಅಕ್ಷರ ಸಿಗುತ್ತವೆ.

ಮೇ 29, ಗುರುವಾರ

ಸರಿಹೋಗಿಲ್ಲ. ಆನವಟ್ಟಿಯ ಬೆನಕಪ್ಪ ಜೆರಾಕ್ಸಿಗೆ ಬಂದಿದ್ದ. ಕರಿಯಣ್ಣ ಅಂಗಡಿಯ ಬೀಗದ ಕೈ ಮಗಳಿಂದ ಇಸಿದುಕೊಂಡಿದ್ದಾನಂತೆ. ಬೈದಿಲ್ಲ, ಹೊಡೆದಿಲ್ಲ. "ನೀ ಇನ್ನು ಅದನ್ನ ಮುಟ್ಟಬ್ಯಾಡವ್ವ" ಅಂದನಂತೆ, ಅಷ್ಟೇ. ಅವನಿಗೆ ಯಂತ್ರ ನಡೆಸಲು ಬರುವುದಿಲ್ಲ, ಅಂಗಡಿ ಮುಚ್ಚಿದೆ.

"ಇಪ್ಪತ್ತಾರು ವರ್ಷದ ಹುಡುಗಿ, ಒಂದು ಪ್ಲಗ್ ಕೀಳಾಕ ಬರಂಗಿಲ್ಲ ನೋಡ್ರಿ" ಅಂದ ಬೆನಕಪ್ಪ.

ನಾನು ಜೆರಾಕ್ಸ್ ತೆಗೆಯುತ್ತ ಹೂಂಗುಟ್ಟಿದೆ. ಹೂಂಗುಟ್ಟಿದ್ದಕ್ಕೆ ಈಗ ಇಲ್ಲಿ ಕೂತು ನಾಚಿಕೆ ಪಟ್ಟುಕೊಳ್ಳುತ್ತಿದ್ದೇನೆ. ಅವನೆದುರು ಮಾತ್ರ ಮುಖ ನೆಟ್ಟಗಿತ್ತು.

ಜೂನ್ 17, ಮಂಗಳವಾರ

ಕರಿಯಣ್ಣನ ಮಗಳು ನಮ್ಮ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ದಿನಾ ಆನವಟ್ಟಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ನಾನು ನಾಲ್ಕು ದಿನದಿಂದ ಟೀ ಕುಡಿಯಲು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಇವತ್ತು ಅವಳೇ ಅಂಗಡಿಗೆ ಬಂದಳು. ಎಲ್ಲ ಗೊತ್ತಾಗಿಹೋಗಿದೆ ಅಂದುಕೊಂಡೆ. ಒಂದು ಕ್ಷಣ, ಹೇಳಿದರೆ ನಂಬುವುದಿಲ್ಲ, ಹಗುರವೂ ಆಯಿತು.

"ಸರ್, ಅವತ್ತು ನಿಮಗೂ ಭಾಳ ತ್ರಾಸ ಆತು. ಎರಡು ದಿನ ಕೂತು ಹುಡುಕಿದ್ರಂತೆ. ಸಾರಿ ಕೇಳಬೇಕು ಅಂತ ಬಂದೆ."

ನನ್ನ ಕ್ಷಮೆ ಕೇಳಲು ಬಂದಿದ್ದಳು! ಕುರ್ಚಿಯಿಂದ ಏಳಲೂ ಆಗಲಿಲ್ಲ. "ಇರ್ಲಿ ಬಿಡಮ್ಮ" ಅಂದೆ. ದೊಡ್ಡ ಮನುಷ್ಯನ ಹಾಗೆ ಕ್ಷಮಿಸಿ ಕಳಿಸಿದೆ. ಥೂ.

ಜೂನ್ 18, ಬುಧವಾರ

ಊಟ ಸೇರಲಿಲ್ಲ.

ಜೂನ್ 24, ಮಂಗಳವಾರ

ಬೆಳಿಗ್ಗೆ ಅಂಗಡಿ ಎದುರು ಒಂದು ಟ್ರ್ಯಾಕ್ಟರ್ ನಿಂತಿತ್ತು. ಹಿಂದೆ ಹಳದಿ ರೇಡಿಯಂನಲ್ಲಿ ‘ಭೂಮಿಗೆ ಮೊದಲ ನಮಸ್ಕಾರ’ ಎಂದಿತ್ತು. ನೋಡುತ್ತ ನಿಂತೆ. ಕರಿಯಣ್ಣನ ಅಕ್ಷರದ ತಲೆಕಟ್ಟು ಕೊನೆಯಲ್ಲಿ ಕುಡುಗೋಲಿನ ಮೊನೆಯ ಹಾಗೆ ಚೂರು ಮೇಲಕ್ಕೆ ಏಳುತ್ತದೆ. ಇಷ್ಟು ವರ್ಷ ನೋಡಿದ್ದೇನೆ, ಗಮನಿಸಿರಲಿಲ್ಲ. ಆಗ ಹೊಳೆಯಿತು. ಅಕ್ಷರಗಳು ಡಿಸ್ಕಿನಲ್ಲಿ ಹೋದವು, ಊರಲ್ಲಿ ಹೋಗಿಲ್ಲ. ಎರಡೂ ತಾಲ್ಲೂಕಿನಲ್ಲಿ ಓಡಾಡುತ್ತಿವೆ. ಎಲ್ಲವನ್ನೂ ಫೋಟೋ ತೆಗೆದು ಮತ್ತೆ ಕಂಪ್ಯೂಟರಿಗೆ ಇಳಿಸಿದರೆ ಆಯಿತು. ಕರಿಯಣ್ಣನಿಗೆ ಅಕ್ಷರ ಸಿಗುತ್ತದೆ, ಮಗಳಿಗೆ ಬೀಗದ ಕೈ ಸಿಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ.

ಹತ್ತು ಅಕ್ಷರ ಸಿಕ್ಕವು. ಟ್ರ್ಯಾಕ್ಟರಿನವರು ಉಳವಿಯ ಪುಟ್ಟಪ್ಪ, ಸಿಗರೇಟು ತರಲು ಹೋದವರು ಓಡಿ ಬಂದರು.

"ಎಂತಕ್ಕೆ ಫೋಟೋ ತೆಗೀತಿದೀರಿ? ಆರ್‌ಟಿಓದವ್ರಾ?"

"ಅಲ್ರೀ, ಅಕ್ಷರ ಚಂದ ಇದಾವೆ ಅಂತ."

"ಕರಿಯಣ್ಣನ ಕೈದು ಮಾರಾಯ್ರೆ, ಚಂದ ಇಲ್ದೆ ಇರ್ತಾವ? ನಮ್ಮನೆ ಟ್ರೈಲರಲ್ಲೂ ಬರ್ಸಿದೀನಿ, ಬಂದು ನೋಡಿ ಬೇಕಾದ್ರೆ."

ಜುಲೈ 6, ಭಾನುವಾರ

ಈವರೆಗೆ ತೊಂಬತ್ತೊಂದು. ಇವತ್ತು ಬೈಕಿನಲ್ಲಿ ಶಿಕಾರಿಪುರದವರೆಗೆ ಹೋಗಿ ಬಂದೆ. ಹಾಲಿನ ಸಂಘದ ಗೋಡೆಯಿಂದ ‘ಘ’ ಸಿಕ್ಕಿತು, ಊಟದ ಢಾಬಾದಿಂದ ‘ಢ’. ಒಂದು ಲಾರಿಯನ್ನು ಆರು ಕಿಲೋಮೀಟರ್ ಹಿಂಬಾಲಿಸಿ ‘ತಾಯಿಯ ಋಣ’ ಹಿಡಿದೆ. ಲಾರಿಯವನು ಇಳಿದು ಬಂದು ಜಗಳಕ್ಕೇ ನಿಂತಿದ್ದ.

ಕಂಪ್ಯೂಟರಿನಲ್ಲಿ ಅದನ್ನು ತಿದ್ದಲು ಕೂತರೆ ಬರುವುದೇ ಇಲ್ಲ. ‘ಬ’ ಒಂದನ್ನೇ ಇಪ್ಪತ್ತು ಸಲ ಎಳೆದೆ. ನನ್ನದು ಉಬ್ಬುತ್ತದೆ, ಅವನದು ಕೂರುತ್ತದೆ. ಹೊಟ್ಟೆ ಎಲ್ಲಿ ಅಗಲವಾಗಬೇಕು ಎಂಬುದು ಆ ಮನುಷ್ಯನಿಗೆ ಹೇಗೆ ಗೊತ್ತಾಗುತ್ತಿತ್ತೋ. ನಾನೂರು ಅಕ್ಷರ, ಅದೂ ನಡುಗುವ ಕೈಯಲ್ಲಿ ಮೌಸ್ ಹಿಡಿದುಕೊಂಡು. ಅದನ್ನು ನಾನು ಫೋನಿನಲ್ಲಿ ಮಾತಾಡುತ್ತಾ ಅಳಿಸಿದೆ.

ಜುಲೈ 25, ಶುಕ್ರವಾರ

"ಏನಾಗೇತ್ರೀ ನಿಮಗೆ?" ಅಂದಳು ಹೆಂಡತಿ ಚೈತ್ರಶ್ರೀ. ಮಧ್ಯಾಹ್ನ ಊಟದ ಡಬ್ಬಿ ತಂದವಳು ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದಳು. "ಆ ಅಜ್ಜನ ಹೆಸರು ಟೈಪ್ ಮಾಡಾಕ ಮೂರು ಸಲ ಕೇಳಿದ್ರಿ. ಓದಿ ಬ್ಯಾರೆ ಹೇಳಿದ್ರಿ. ಮೊದ್ಲು ಹಿಂಗ ಇರ್ಲಿಲ್ಲಲ್ಲ. ಕಣ್ಣು ತೋರಿಸ್ಕೊಂಡು ಬರ್ರಿ."

ಕಣ್ಣು ಸರಿಯಾಗಿಯೇ ಇದೆ, ಓದದೆ ಒತ್ತಲು ಈಗ ಹೆದರಿಕೆ ಅಷ್ಟೇ. ಇವಳಿಗೆ ಹೇಳಿಬಿಡಲೇ ಅನಿಸಿತು. ಹೇಳಿದರೆ ನಾಳೆಯೇ ಆನವಟ್ಟಿಗೆ ಎಳೆದುಕೊಂಡು ಹೋಗುತ್ತಾಳೆ, ಅದಕ್ಕೇ ಹೇಳಲಿಲ್ಲ. ಅವಳು ತಂದ ರೊಟ್ಟಿ ತಿಂದೆ.

ಆಗಸ್ಟ್ 10, ಭಾನುವಾರ

ಇದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ.

ಉಳವಿಗೆ ಹೋಗಿದ್ದೆ, ಪುಟ್ಟಪ್ಪನವರ ಮನೆಗೆ. ಅವರ ಟ್ರೈಲರಿನ ಮೇಲೆ ‘ಛಲಗಾರ’ ಎಂದು ಇದೆಯೆಂದು ಫೋನಿನಲ್ಲಿ ಹೇಳಿದ್ದರು. ‘ಛ’ ಎಲ್ಲಿಯೂ ಸಿಕ್ಕಿರಲಿಲ್ಲ. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಪುಟ್ಟಪ್ಪ, "ಬನ್ನಿ ಬನ್ನಿ, ನಿಮ್ಮಂಗೆ ಇನ್ನೊಬ್ರು ಬಂದಿದಾರೆ" ಅಂದರು.

ಟ್ರೈಲರಿನ ಹಿಂದೆ ಕರಿಯಣ್ಣನ ಮಗಳು ನಯನ ಕುಕ್ಕರುಗಾಲಿನಲ್ಲಿ ಕೂತಿದ್ದಳು. ವೇಲಿನ ತುದಿಯಿಂದ ಅಕ್ಷರದ ಮೇಲಿನ ಕೆಸರು ಒರೆಸಿ, ಬೆಣ್ಣೆ ಕಾಗದ ಇಟ್ಟು, ಪೆನ್ಸಿಲ್ಲಿನಿಂದ ಅಂಚು ಎಳೆಯುತ್ತಿದ್ದಳು. ಪಕ್ಕದಲ್ಲಿ ಒಂದು ಫೈಲು. ಒಳಗೆ ಇನ್ನೂರಕ್ಕೂ ಮೇಲೆ ಹಾಳೆ, ಪ್ರತಿಯೊಂದರ ಮೂಲೆಯಲ್ಲಿ ಯಾವ ಊರು, ಯಾರ ಗಾಡಿ ಎಂದು ಬರೆದಿತ್ತು. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ, ರಜೆಯ ದಿನ ಹಳ್ಳಿಗಳಲ್ಲಿ, ಎರಡು ತಿಂಗಳಿಂದ ಇದೇ ಮಾಡುತ್ತಿದ್ದಾಳೆ. ಅಪ್ಪನಿಗೆ ಗೊತ್ತಿಲ್ಲ.

"ನನ್ನಿಂದ ಹೋಗಿದ್ದು, ನಾನೇ ತರ್ಬೇಕಲ್ಲ ಸರ್" ಅಂದಳು. ಆಮೇಲೆ ನನ್ನ ಮೊಬೈಲಿನ ಫೋಟೋಗಳನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನೀವ್ಯಾಕ್ ಸರ್ ಇಷ್ಟು ತ್ರಾಸ ತಗೊಂಡ್ರಿ ನಮ್ಮ ಸಲುವಾಗಿ? ನಾ ಮಾಡಿದ ತಪ್ಪಿಗೆ?"

ಎದುರಿಗೆ ಅವಳಿದ್ದಳು. ಪುಟ್ಟಪ್ಪ ಒಳಗೆ ಕಾಫಿಗೆ ಹೇಳಲು ಹೋಗಿದ್ದರು. ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಸಮಯ ಯಾರಿಗೆ ಸಿಗುತ್ತದೆ?

"ಸುಮ್ನೆ" ಅಂದೆ.

ಅವಳ ಕಣ್ಣಲ್ಲಿ ನೀರು ಬಂತು. ನನ್ನನ್ನು ದೇವರಂಥ ಮನುಷ್ಯ ಅಂದಳು. ಕಾಫಿ ಕುಡಿದು ಅವಳನ್ನು ಆನವಟ್ಟಿ ಬಸ್ಸಿಗೆ ಬಿಟ್ಟು ಬಂದೆ.

ಆಗಸ್ಟ್ 11, ಸೋಮವಾರ

ಅಂಗಡಿ ತೆಗೆಯಲಿಲ್ಲ. ಮನೆಯಲ್ಲಿ ತಲೆನೋವು ಅಂದೆ.

ಆಗಸ್ಟ್ 23, ಶನಿವಾರ

ನಯನ ದಿನಾ ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಡಿಗೆ ಬರುತ್ತಾಳೆ. ಅವಳ ಹಾಳೆಗಳನ್ನು ಸ್ಕ್ಯಾನ್ ಮಾಡಿ ಇಬ್ಬರೂ ಕೂತು ತಿದ್ದುತ್ತೇವೆ. ನನ್ನ ಫೋಟೋಗಳಲ್ಲಿ ಅರ್ಧದಷ್ಟು ಬೇಡ ಅಂದಳು. "ಫೋಟೋದಾಗ ಅಕ್ಷರ ವಾಲ್ತಾವೆ ಸರ್. ನೀವು ನಿಂತು ತೆಗೆದೀರಿ, ಕೂತು ತೆಗೀಬೇಕಿತ್ತು." ನಿಜ. ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವನಿಗೆ ಇದು ತಲೆಗೆ ಹೋಗಿರಲಿಲ್ಲ.

ಅವಳು ಎಳೆದ ‘ಬ’ ಕೂರುತ್ತದೆ. ಅಪ್ಪನ ಕೈ ಅವಳಿಗೆ ಬಂದಿದೆ, ಅವಳಿಗೇ ಅದು ಗೊತ್ತಿಲ್ಲ. ತಾನು ಯಂತ್ರಕ್ಕೆ ಲಾಯಕ್ಕಲ್ಲದವಳು ಎಂದೇ ನಂಬಿದ್ದಾಳೆ. ಮೌಸ್ ಮುಟ್ಟುವ ಮೊದಲು ಪ್ರತಿ ಸಲ ನನ್ನ ಮುಖ ನೋಡುತ್ತಾಳೆ. ಇವತ್ತು ಮಳೆ ಮೋಡದಲ್ಲಿ ಒಂದು ಸಣ್ಣ ಗುಡುಗು ಕೇಳಿಸಿತು. ಅವಳ ಕೈ ಪ್ಲಗ್ಗಿನ ಕಡೆ ಹೋಗಿ, ಹೆದರಿ ಹಿಂದೆ ಬಂತು. ನಾನೇ ಕಲಿಸಿದ ಹೆದರಿಕೆ ಅದು. ಕೈ ಹೋದದ್ದನ್ನು ನೋಡಿಯೂ ನೋಡದವನ ಹಾಗೆ ಕೂತೆ.

ಸೆಪ್ಟೆಂಬರ್ 4, ಗುರುವಾರ

ಎಲ್ಲ ಸಿಕ್ಕಿವೆ, ಒಂದು ಬಿಟ್ಟು. ‘ಜ್ಞ’ ಇಲ್ಲ. ಟ್ರ್ಯಾಕ್ಟರಿನ ಮೇಲೆ ಅದನ್ನು ಯಾರು ಬರೆಸುತ್ತಾರೆ? ಶಾಲೆ ಕಾಲೇಜುಗಳ ಮೇಲೆ ಇರುತ್ತಿತ್ತು, ಅಲ್ಲೆಲ್ಲ ಈಗ ಫ್ಲೆಕ್ಸ್ ಬಂದಿದೆ. ಊಟ ಮುಗಿಸಿ ಹೊರಟ ನಯನ ರಸ್ತೆಯ ಆ ಬದಿ ನಿಂತು ನಮ್ಮ ಅಂಗಡಿಯ ಕಡೆಯೇ ನೋಡತೊಡಗಿದಳು. ಆಮೇಲೆ ಕೈ ಬೀಸಿ ಕರೆದಳು.

"ಸರ್, ಇಲ್ಲೇ ಐತಲ್ರೀ!"

ನನ್ನದೇ ಬೋರ್ಡು. ಅಂಗಡಿ ಶುರು ಮಾಡಿದ ವರ್ಷ ಕರಿಯಣ್ಣನವರೇ ಏಣಿ ಹಾಕಿ ಬರೆದದ್ದು. ‘ಚನ್ನೇಶ್ ಕಂಪ್ಯೂಟರ್ಸ್’, ಅದರ ಕೆಳಗೆ ‘ಕಂಪ್ಯೂಟರ್ ತಜ್ಞರು’. ಬಣ್ಣ ಹೋಗಿ ಪಾಚಿ ಹಿಡಿದಿದೆ, ನಾನು ತಲೆಯೆತ್ತಿ ನೋಡಿ ಎಷ್ಟು ವರ್ಷವಾಯಿತೋ. ಆಗ ಎರಡನೆಯ ಸಾಲು ಬರೆಯುವ ಮುಂಚೆ ಅವರು, "ಇದು ಬೇಕನ್ರೀ? ಹೆಸರೊಂದೇ ಸಾಕಲ್ಲ" ಅಂದಿದ್ದರು. ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದೆ.

ಅವಳು ಸ್ಟೂಲು ಹತ್ತಿ ಒರೆಸಿ ಕಾಗದ ಇಟ್ಟಳು. ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ನಿಂತಿದ್ದೆ. ರಸ್ತೆಯ ಜನ ತಲೆಯೆತ್ತಿ ಬೋರ್ಡು ಓದಿ, ಆಮೇಲೆ ನನ್ನ ಮುಖ ನೋಡಿ ಹೋಗುತ್ತಿದ್ದರು. ಅವರಿಗೇನೂ ಗೊತ್ತಿರಲಿಲ್ಲ, ಆದರೂ ನೆಲ ನೋಡಿದೆ.

ಸೆಪ್ಟೆಂಬರ್ 14, ಭಾನುವಾರ

ಇವತ್ತು ನಾನು, ನಯನ ಆನವಟ್ಟಿಗೆ ಹೋದೆವು. ಅಕ್ಷರಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಮೂರು ಪೆನ್ ಡ್ರೈವಿನಲ್ಲಿ ನಕಲು ಮಾಡಿಕೊಂಡು. ಆಯುಧಪೂಜೆಗೆ ಇನ್ನು ಎರಡೂವರೆ ವಾರ. ಆಗ ಎಲ್ಲ ಗಾಡಿಗಳಿಗೂ ಹೊಸ ಸ್ಟಿಕರ್ ಬೇಕು, ವರ್ಷದ ಅರ್ಧ ಕೆಲಸ ಆ ಹದಿನೈದು ದಿನದಲ್ಲಿ. ಕರಿಯಣ್ಣನವರು ಮನೆಯ ಜಗಲಿಯಲ್ಲಿ ಕೂತಿದ್ದರು. ಲ್ಯಾಪ್‌ಟಾಪ್ ಅವರ ಮುಂದೆ ಇಟ್ಟು, ನಯನ ಊರೂರು ತಿರುಗಿ ಹುಡುಕಿದ್ದು ಅಂದೆ. ಒಂದೊಂದೇ ಅಕ್ಷರ ನೋಡುತ್ತ ಹೋದರು. ‘ಜ್ಞ’ ಬಂದಾಗ ನಿಂತರು.

"ಇದು ನಿಮ್ಮ ಬೋರ್ಡಿಂದಲ್ಲನ್ರೀ?" ಅಂದರು. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಅಕ್ಷರ, ಎಲ್ಲಿ ಬರೆದದ್ದು ಎಂದು ನೆನಪಿತ್ತು.

ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದರು. ಅವರ ಕೈಯಲ್ಲಿ ಅದು ಗಲಗಲ ಅನ್ನುತ್ತಿತ್ತು. ಮಗಳ ಮುಂದೆ ಹಿಡಿದರು.

"ತಗೋಳವ್ವ. ತಪ್ಪು ಯಾರು ಮಾಡಲ್ಲ? ನೀ ಮಾಡ್ದೆ, ನೀನೇ ತಿದ್ದಿಕೊಂಡೆ. ಇನ್ನೊಂದ್ಸಲ ಹುಷಾರಾಗಿರು." ನನ್ನ ಕಡೆ ತಿರುಗಿ ಕೈ ಮುಗಿದರು. "ಚನ್ನೇಶಣ್ಣ, ನೀವು ಮಾಡಿದ ಉಪಕಾರ ನಾ ಮರೆಯಂಗಿಲ್ಲ."

ನಯನ ತಲೆ ತಗ್ಗಿಸಿ, "ಆತಪ್ಪ, ಇನ್ನು ಹಂಗೆ ಮಾಡಲ್ಲ" ಅಂದಳು.

ಎಲ್ಲ ಮುಗಿದಿತ್ತು. ಅಕ್ಷರ ಬಂದಿತ್ತು, ಬೀಗದ ಕೈ ಬಂದಿತ್ತು. ಜೂನ್ ತಿಂಗಳಲ್ಲಿ ನಾನು ಏನು ಬಯಸಿದ್ದೆನೋ ಅದೇ ಆಗಿತ್ತು. ಸುಮ್ಮನೆ ಒಂದು ಲೋಟ ಟೀ ಕುಡಿದು ಎದ್ದು ಬರಬಹುದಿತ್ತು. ಆದರೆ ಅವಳು ಮಾಡದ ತಪ್ಪಿಗೆ ‘ಇನ್ನು ಹಂಗೆ ಮಾಡಲ್ಲ’ ಅಂದದ್ದನ್ನು ಕೇಳಿಸಿಕೊಂಡು ಕೂರಲು ಆಗಲಿಲ್ಲ.

"ಅವಳು ಏನೂ ಮಾಡಿಲ್ಲ ಕರಿಯಣ್ಣ" ಅಂದೆ. "ಪ್ಲಗ್ ಕಿತ್ತಿದ್ದಕ್ಕೆ ಏನೂ ಆಗಿರ್ಲಿಲ್ಲ. ನಾನೇ ಅಳಿಸಿದ್ದು. ಓದ್ದೆ ಒತ್ತಿದೆ. ನಿಮ್ಮ ಕಾಪೀನೂ ನಾ ಇಟ್ಟಿರ್ಲಿಲ್ಲ, ಯಾವತ್ತೂ. ಸುಳ್ಳು ಹೇಳಿದೆ."

ಹೇಳುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಅದಕ್ಕೆ ನಾನು ನಾಲ್ಕು ತಿಂಗಳು ತೆಗೆದುಕೊಂಡೆ.

ಕರಿಯಣ್ಣನವರು ಮುಗಿದ ಕೈಯನ್ನು ಇಳಿಸಿದರು. ಮಗಳನ್ನೇ ನೋಡಿದರು, ನನ್ನನ್ನಲ್ಲ. "ನಾ ಏನ್ ಮಾಡ್ಬಿಟ್ಟೆ" ಅಂದರು. ಅದು ನನಗೆ ಹೇಳಿದ್ದಾಗಿರಲಿಲ್ಲ. ನಯನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು.

"ಉಳವಿಯಾಗ ಕೇಳಿದ್ನಲ್ಲ ನಾನು" ಅಂದಳು. "ಕೇಳಿದ್ನಲ್ಲ ಸರ್. ದೇವರಂಥವರು ಅಂದಿದ್ನಲ್ಲ."

"ಹೌದು."

"ಇವತ್ತು ಹೋಗ್ರಿ" ಅಂದರು ಕರಿಯಣ್ಣನವರು.

ಬಂದೆ. ಮನೆಗೆ ಬಂದು ಚೈತ್ರಶ್ರೀಗೂ ಹೇಳಿದೆ. ಅವಳು ಒಲೆ ಆರಿಸಿ ಎದುರಿಗೆ ಕೂತು ಪೂರ್ತಿ ಕೇಳಿದಳು. "ಆ ಹುಡುಗಿ ದಿನಾ ನಮ್ಮ ಅಂಗಡಿಯಾಗ ಕೂತು ಊಟ ಮಾಡ್ತಿತ್ತಲ್ರೀ" ಅಂದಳು.

ಸೆಪ್ಟೆಂಬರ್ 19, ಶುಕ್ರವಾರ

ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಇಲ್ಲ. ಮೊದಲು ನನಗೊಬ್ಬನಿಗೇ ಗೊತ್ತಿತ್ತು, ಈಗ ಬೇರೆಯವರಿಗೂ ಗೊತ್ತು, ಅಷ್ಟೇ. ಬೆನಕಪ್ಪ ಬಂದಿದ್ದ. ಅವನೇನೂ ಕೇಳದಿದ್ದರೂ ನಾನೇ ಹೇಳಿದೆ, ಪ್ಲಗ್ಗಿನಿಂದ ಹೋದದ್ದಲ್ಲ, ನನ್ನಿಂದ ಅಂತ. ಅಂಗಡಿಯಲ್ಲಿ ಇನ್ನೂ ಮೂವರಿದ್ದರು. ಅವನು ಜೆರಾಕ್ಸ್ ತೆಗೆದುಕೊಳ್ಳುವುದನ್ನೂ ಮರೆತು ಹೋದ.

ಸೆಪ್ಟೆಂಬರ್ 22, ಸೋಮವಾರ

ಬೆಳಿಗ್ಗೆ ಶೆಟರ್ ಎತ್ತುವಾಗ ನಯನ ನಿಂತಿದ್ದಳು. ಬಸ್ಸಿನಲ್ಲಿ ಕಂಪ್ಯೂಟರ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಾಳೆ. ಬಟ್ಟೆ ಅಂಗಡಿಯ ಕೆಲಸ ಬಿಟ್ಟಿದ್ದಾಳೆ.

"ನೀವು ಹಾಕಿಕೊಟ್ಟಿದ್ದು ನನಗೆ ಬ್ಯಾಡ. ಎಲ್ಲ ಅಳಿಸಿ ಮೊದಲಿಂದ ಹಾಕ್ತೀನಿ. ನೀವು ಹೇಳ್ರಿ, ನಾ ಮಾಡ್ತೀನಿ. ಮುಟ್ಟಬ್ಯಾಡ್ರಿ."

ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಹಳೆಯದು ಮೊದಲು, ಹೊಸದು ಆಮೇಲೆ ಅಂದೆ. ಯಾಕೆ ಎಂದು ಕೇಳಿದಳು, ಹೇಳಿದೆ. ಪ್ರತಿಯೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ನಂಬರುಗಳನ್ನು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಒತ್ತಿದಳು. ಅಳಿಸಲೇ ಎಂದು ಅದು ಕೇಳಿದಾಗ ನಿಲ್ಲಿಸಿದಳು. "ಇಲ್ಲೇನಾ ನೀವು ಹೂಂ ಅಂದಿದ್ದು?" ಹೌದು ಅಂದೆ. ಗಿರಾಕಿಗಳು ಇದ್ದರು, ಕೇಳಿಸಿಕೊಂಡರು. ಅವಳು ಓದಿ, ಹಾಳೆಯ ನಂಬರಿಗೆ ಹೋಲಿಸಿ, ಒತ್ತಿದಳು.

ಸಂಜೆ ಹೊತ್ತಿಗೆ ಎರಡೂ ಕೂತಿದ್ದವು. ಆನ್ ಮಾಡಿದರೆ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳಿತು. ಒಂದೊಂದಕ್ಕೂ ಎರಡೆರಡು ಸಲ ಹೋಗಿ ಬಂದಳು. ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಅವಳು ಹೊರಡುವಾಗ, ನಮ್ಮ ಬೋರ್ಡಿನ ಬಣ್ಣ ಹೋಗಿದೆ, ಆಯುಧಪೂಜೆಗೆ ಹೊಸದು ಮಾಡಿಕೊಡುತ್ತೀಯಾ ಎಂದು ಕೇಳಿದೆ. ಹೆಸರೊಂದೇ ಸಾಕು, ಕೆಳಗಿನ ಸಾಲು ಬೇಡ ಅಂದೆ. ಅಪ್ಪನನ್ನು ಕೇಳಬೇಕು ಅಂದಳು.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಕಂಪ್ಯೂಟರುಗಳಿಗೆಲ್ಲ ವಿಭೂತಿ ಕುಂಕುಮ ಇಟ್ಟು ಚೈತ್ರಶ್ರೀ ಆರತಿ ಮಾಡುತ್ತಿದ್ದಾಗ ನಯನ ಬಂದಳು. ಎಂಟು ದಿನ ನಿದ್ದೆ ಇಲ್ಲದ ಕಣ್ಣು, ಬೆರಳಿಗೆಲ್ಲ ಸ್ಟಿಕರಿನ ಅಂಟು. ನೂರಾ ಎಪ್ಪತ್ತು ಗಾಡಿಗೆ ಕತ್ತರಿಸಿದ್ದಾಳಂತೆ. ಆನವಟ್ಟಿಯಿಂದ ಇಲ್ಲಿಯವರೆಗೆ ಬರುವಾಗ ರಸ್ತೆಯ ತುಂಬ ಹಾರ ಹಾಕಿದ ಟ್ರ್ಯಾಕ್ಟರುಗಳಂತೆ, ಎಲ್ಲದರ ಮೇಲೂ ಅದೇ ತಲೆಕಟ್ಟಂತೆ.

"ಅಪ್ಪ ಏನಂದ್ರು?" ಅಂದೆ.

"ಬೋರ್ಡಿನ ಅಳತೆ ಬರೆದು ಕೊಟ್ರು."

ಏಣಿ ಹಾಕಿ ಹತ್ತಿದಳು. ನಾನು ಏಣಿ ಹಿಡಿದೆ. ಹಳೆಯ ಬೋರ್ಡಿನ ಮೇಲೆ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಅಂಟಿಸಿ ಗಾಳಿ ಹೋಗಲು ಉಜ್ಜಿದಳು. ‘ಚನ್ನೇಶ್ ಕಂಪ್ಯೂಟರ್ಸ್’ ಮುಗಿಯಿತು. ಇಳಿಯುತ್ತಾಳೆ ಅಂದುಕೊಂಡೆ. ಇಳಿಯಲಿಲ್ಲ. ಚೀಲದಿಂದ ಇನ್ನೊಂದು ಸುರುಳಿ ತೆಗೆದಳು. ಕೆಳಗಿನ ಸಾಲು. ಮೊದಲು ‘ಕಂಪ್ಯೂಟರ್’, ಆಮೇಲೆ ‘ತ’, ಆಮೇಲೆ ‘ಜ್ಞ’.

"ನಯನ, ಅದು ಬ್ಯಾಡ ಅಂದಿದ್ನಲ್ಲಮ್ಮ."

"ಇರ್ಲಿ" ಅಂದಳು, ತಿರುಗಿ ನೋಡದೆ. "ಹುಡುಕಿದ್ದು ನಾನು, ಹಾಕೋದೂ ನಾನೇ. ದಿನಾ ಶೆಟರ್ ಎತ್ತೋ ಮುಂಚೆ ಒಂದ್ಸಲ ಓದ್ಕೊಳ್ರಿ."

ಚೈತ್ರಶ್ರೀ ಅವಳಿಗೆ ಎಲೆ ಅಡಿಕೆ ಕೊಟ್ಟು ಕುಂಕುಮ ಇಟ್ಟಳು. ಅವಳು ಚೈತ್ರಶ್ರೀಯ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸಿಗೆ ಹೋದಳು. ನನಗೆ ಹೋಗಿಬರುತ್ತೇನೆ ಎಂದು ಹೇಳಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಒಂಬತ್ತಕ್ಕೆ ಅಂಗಡಿಗೆ ಬಂದೆ. ಓದಿದೆ. ಆಮೇಲೆ ಶೆಟರ್ ಎತ್ತಿದೆ.